ಚಿತ್ರ ನನಗೆ, ಮಾತು ಮಾವನಿಗೆ

ಗೆಳತಿಯರೇ, ಗೆಳೆಯರೇ, ನ್ಯಾಯ ನೀವೇ ಹೇಳಿ. ನಿನ್ನೆ ನನ್ನ ಗಂಡ ಚಳ್ಳಕೆರೆಯಿಂದ ಟಿವಿಗೆಂದು ಒಂದು ಜೊತೆ ಸ್ಪೀಕರ್ ತಂದರು. ಇವತ್ತು ಬೆಳಿಗ್ಗೆ ಅದರ ವೈರನ್ನು ಟಿವಿಗೆ ಚುಚ್ಚಿ, ಸ್ಪೀಕರ್‌ಗಳನ್ನು ಮಾತ್ರ ಒಳಕೋಣೆಯಲ್ಲಿ ಮಾವನ ಮಗ್ಗದ ಪಕ್ಕ ಇಟ್ಟರು. "ಅಪ್ಪ ಸೀರೆ ನೇಯ್ತಾ ಕೇಳ್ಲಿ ಬಿಡು" ಅಂತೆ!

ಚುಚ್ಚಿದ್ದೇ ತಡ, ಟಿವಿಯ ಸ್ವಂತ ದನಿ ನಿಂತೇಹೋಯಿತು. ಮಧ್ಯಾಹ್ನ ನಡುಮನೆಯಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ನೂಲು ಸುತ್ತುತ್ತಾ ಧಾರಾವಾಹಿ ಹಾಕಿದೆ. ನನ್ನೆದುರು ಬರೀ ಬಾಯಿಗಳು ಆಡುತ್ತಿದ್ದವು. ಮಾತೆಲ್ಲ ಒಳಗೆ ಮಗ್ಗದ ಸದ್ದಿನಲ್ಲಿ ಮುಳುಗಿತ್ತು. ರಿಮೋಟ್ ಒತ್ತಿ ಒತ್ತಿ ಹೆಬ್ಬೆರಳಿಗೆ ನೋವಾಯಿತೇ ಹೊರತು ಸೌಂಡ್ ಏರಲಿಲ್ಲ. ಸೌಂಡಿನ ಗುಂಡಿ ಇರುವುದು ಸ್ಪೀಕರಿನ ಮೇಲೆ, ಅಂದರೆ ಮಾವನ ಕೈಯಲ್ಲಿ.

"ಮಾವಾ, ಸ್ವಲ್ಪ ಸೌಂಡ್ ಜಾಸ್ತಿ ಮಾಡ್ರಿ, ನಂಗೇನೂ ಕೇಳ್ತಿಲ್ಲ" ಅಂತ ಕೂಗಿದೆ.

"ನಂಗೆ ಸರಿಯಾಗೇ ಐತವ್ವಾ. ಈಗ ಕಪಾಳಕ್ಕೆ ಹೊಡೆದಿದ್ದು ಯಾರು, ಅದು ಹೇಳು."

"ಅಕ್ಕ ತಂಗಿಗೆ ಹೊಡೆದ್ಲು. ಯಾಕಂತೆ ಮಾವಾ?"

"ತಡಿ, ಕೇಳ್ತಿದೀನಿ."

ಯಾಕೆಂದು ಅವರು ಕೊನೆಗೂ ಹೇಳಲಿಲ್ಲ. ಅವರಿಗೆ ನಾನು ಕಣ್ಣಾದೆ, ನನಗೆ ಅವರು ಕಿವಿಯಾಗಲಿಲ್ಲ.

ಸಂಜೆ ಪಕ್ಕದ ಮನೆಯ ಗೌರಕ್ಕ ಬಂದು, ಧಾರಾವಾಹಿಯಲ್ಲಿ ಇವತ್ತು ಏನಾಯಿತೆಂದು ನನ್ನನ್ನು ಕೇಳಿದರು. ಅಕ್ಕ ತಂಗಿಗೆ ಹೊಡೆದದ್ದನ್ನಷ್ಟೇ ಹೇಳಿದೆ. ಮಾವ ಒಳಗಿನಿಂದ ಬಂದು ಇಡೀ ಕಥೆ ಹೇಳಿ ಮುಗಿಸಿದರು. ಅಷ್ಟಕ್ಕೇ ಬಿಡಲಿಲ್ಲ: "ನೋಡವ್ವಾ, ಮಗ್ಗ ಬಿಟ್ಟು ಏಳದ ನಂಗೆ ಎಲ್ಲಾ ಗೊತ್ತೈತೆ. ಟಿವಿ ಮುಂದೇನೇ ಕೂತಿದ್ದ ಇವಳಿಗೆ ಏನೂ ಗೊತ್ತಿಲ್ಲ!"

ಆಗಲಿ. ನಾಳೆ ಯಾರು ಯಾರ ಕಪಾಳಕ್ಕೆ ಹೊಡೆದರೂ ನನ್ನದು ಒಂದೇ ಉತ್ತರ: "ತಡೀರಿ ಮಾವಾ, ನೋಡ್ತಿದೀನಿ."