ಎಲ್ಲ ಶಾಯಿಗೂ ಒಂದೇ ವಾಕ್ಯ

ಮಸಿರಾಯರು ಎಂಬುದು ಬೀದಿಯವರು ಇಟ್ಟ ಬಿರುದು. ಅವರ ಔಷಧಿ ಅಂಗಡಿಯ ಬೋರ್ಡಿನ ಮೇಲೆ ಬೇರೆ ಹೆಸರಿದೆ, ಅದನ್ನು ಯಾರೂ ಓದುವುದಿಲ್ಲ. ಎಲ್ಲರ ಕಣ್ಣು ಹೋಗುವುದು ಅವರ ಬಲಗೈ ಬೆರಳುಗಳ ಕಡೆಗೆ. ಇಂದು ನೇರಳೆ, ನಾಳೆ ಪಾಚಿ ಹಸಿರು. ಆ ಬೆರಳುಗಳಿಂದ ಕೆಮ್ಮಿನ ಸಿರಪ್ಪು ಇಸಿದುಕೊಂಡವರು ಬಾಟಲಿಯನ್ನೊಮ್ಮೆ, ಬೆರಳನ್ನೊಮ್ಮೆ ನೋಡಿ, "ಸಾರ್, ಇದು ಕುಡಿಯೋದು ತಾನೇ?" ಎಂದು ಖಾತ್ರಿ ಮಾಡಿಕೊಳ್ಳುವುದುಂಟು.

ಡಾಕ್ಟರುಗಳ ಚೀಟಿ ಓದುವುದರಲ್ಲಿ ರಾಯರು ಮಹಾವೀರರು. ಕೋಳಿ ಕೆದರಿದಂಥ ಗೆರೆಗಳ ನಡುವೆ ನುಗ್ಗಿ ಮಾತ್ರೆಯ ಹೆಸರನ್ನು ಕಿವಿ ಹಿಡಿದು ಎಳೆದು ತರುವವರು. ಅಂಥವರು ತಮ್ಮದೇ ದುಂಡನೆಯ ಬರಹವನ್ನು ಓದದೆ ಮುಗ್ಗರಿಸಿದರು.

ಅವರ ಸಾಮ್ರಾಜ್ಯವಿದ್ದದ್ದು ಮಲಗುವ ಕೋಣೆಯ ಕಬ್ಬಿಣದ ಬೀರುವಿನಲ್ಲಿ. ಇಂಕ್ ಪೆನ್ನುಗಳು ಹೆಂಡತಿಯ ಸೀರೆಗಳನ್ನು ಒಂದೊಂದೇ ಅರೆಯಿಂದ ಓಡಿಸಿ ನೆಲೆ ನಿಂತಿದ್ದವು. ಶಾಯಿ ಬಾಟಲಿಗಳು ಅಡುಗೆಮನೆಯ ಗಡಿಯವರೆಗೂ ದಂಡೆತ್ತಿ ಬಂದಿದ್ದವು. "ಇನ್ನೊಂದು ಬಾಟಲಿ ಬಂದ್ರೆ ನಾನು ಬೀರುವಿನ ಮೇಲೆ ಮಲಗ್ತೀನಿ ರೀ," ಎಂದು ಹೆಂಡತಿ ಘೋಷಿಸಿದ ಮೇಲೆ ರಾಯರು ರಾಜ್ಯಕ್ಕೊಂದು ಆಡಳಿತ ಬೇಕೆಂದು ಮನಗಂಡರು. ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಇಳಿಸಿಕೊಂಡರು. ಪೆನ್ನಿನ ನಿಬ್ಬು ಎಷ್ಟು ದಪ್ಪ, ಅದು ಕುಡಿಯುವ ಶಾಯಿ ಯಾವುದು, ಕೊನೆಗೆ ತೊಳೆದದ್ದು ಯಾವಾಗ ಎಂದೆಲ್ಲ ಅದು ಕೇಳುತ್ತಿತ್ತು. ಹೆಂಡತಿಯ ಹುಟ್ಟುಹಬ್ಬ ಯಾವಾಗ ಎಂದರೆ ತಡವರಿಸುವವರು ಇದಕ್ಕೆಲ್ಲ ಥಟ್ಟನೆ ಉತ್ತರ ತುಂಬಿದರು.

ಶಾಯಿಗಳಿಗೆ ಮಾತ್ರ ಫೋಟೋ ಬೇಕಿತ್ತು. ಬಿಳಿ ಕಾರ್ಡಿನ ಮೇಲೆ ಆ ಶಾಯಿಯಲ್ಲಿ ಒಂದು ಸಾಲು ಬರೆದು, ಫೋಟೋ ತೆಗೆದು ಏರಿಸಬೇಕು. ಬಣ್ಣಗಳನ್ನು ಹೋಲಿಸಿ ನೋಡಬೇಕಾದರೆ ಎಲ್ಲದರಲ್ಲೂ ಒಂದೇ ವಾಕ್ಯವಿರಬೇಕು. ಪೆನ್ನಿನ ಹುಚ್ಚು ಹಿಡಿದವರ ಮುರಿಯದ ಕಟ್ಟಳೆ ಇದು.

ಅದೇ ವಾರ ಅವರ ಅಕ್ಕ ಬಂದಿಳಿದಿದ್ದರು. ಅಕ್ಕನ ಮನೆಯ ನೆಲ ಅಗೆದು ಹಾಕಿ ಟೈಲ್ಸ್ ಕೆಲಸದವನು ಮಾಯವಾಗಿದ್ದ. "ಎಂಟು ದಿನ ಇದ್ದು ಹೋಗ್ತೀನಿ ಕಣೋ," ಎಂದು ಬಂದವರು ಮೊದಲ ದಿನವೇ ಬಣ್ಣದ ಕ್ರಮದಲ್ಲಿದ್ದ ಬಾಟಲಿಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ಪೆನ್ನಿನ ಕ್ಯಾಪುಗಳನ್ನೆಲ್ಲ ಸೋಪಿನ ನೀರಿನಲ್ಲಿ ನೆನೆಹಾಕಿದರು. "ಎಷ್ಟು ಗಲೀಜೋ ನಿನ್ನ ಸಾಮಾನು!" ಎಂದು ಬೈಗುಳ ಬೇರೆ. ರಾಯರು ಹಲ್ಲು ಕಚ್ಚಿ ಮೊದಲ ಕಾರ್ಡಿನ ಮುಂದೆ ಕೂತರು. ಏನು ಬರೆಯುವುದೆಂದು ಯೋಚಿಸುವ ಮೊದಲೇ ಕೈ ಬರೆದುಬಿಟ್ಟಿತು. ನೋಡಿದರೆ ಎಂಥ ಚಂದ! 'ಕ್ಕ' ಒತ್ತಿನಲ್ಲಿ ಶಾಯಿ ಮಡುಗಟ್ಟಿತ್ತು, ಕೊನೆಯ 'ಳೋ' ಬಳುಕಿನಲ್ಲಿ ತಿಳಿಯಾಗಿ ಹರಿದಿತ್ತು. ಅದೇ ವಾಕ್ಯ ಖಾಯಂ ಆಯಿತು. ಮುಂದಿನ ಶಾಯಿ, ಅದರ ಮುಂದಿನ ಶಾಯಿ, ಎಲ್ಲದರಲ್ಲೂ ಅದೇ. ಪೆನ್ನಿನ ಹುಚ್ಚರು ಅಕ್ಷರವನ್ನು ನೋಡುತ್ತಾರೆ, ಓದುವುದಿಲ್ಲ. ಎರಡನೆಯ ದಿನಕ್ಕೆ ರಾಯರ ಪಾಲಿಗೆ ಅದು ಬರೀ ಗೆರೆಯಾಗಿತ್ತು.

ಎಂಟು ದಿನ ಎರಡು ತಿಂಗಳಾಯಿತು, ರಾಯರ ಫೋಟೋ ಕೆಲಸವೂ ಮುಗಿಯಿತು. ಒಂದು ಭಾನುವಾರ ರಾಯರು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಮಹಾಸಭೆ ಕರೆದರು. ಸಭಿಕರು ಮೂವರು: ಹೆಂಡತಿ, ಅಕ್ಕ, ಪಕ್ಕದ ಮನೆಯ ಟೈಲರು. ಮೊದಲು ಒಂದು ಹಳೆಯ ಪೆನ್ನು ತೆರೆಗೆ ಬಂತು. ಸೀಳಿದ ಕ್ಯಾಪಿಗೆ ದಾರ ಸುತ್ತಿತ್ತು.

"ಇದು ನನ್ನದಲ್ವೇನೋ?" ಎಂದರು ಅಕ್ಕ. "ನಿನ್ನ ಕೈ ಹಿಡಿದು ತಿದ್ದಿಸಿ ತಿದ್ದಿಸಿ ನನ್ನ ಕೈ ಬಿದ್ದುಹೋಗಿತ್ತು. ಪೆನ್ನು ಕೊಟ್ರೆ ಮಾತ್ರ ಬರೀತೀನಿ ಅಂತ ಹಟ ಮಾಡಿ ಕಿತ್ಕೊಂಡೆ."

"ಸಂಗ್ರಹದ ಮೊದಲ ಪೆನ್ನೇ ಇದು, ಅಕ್ಕ," ಎಂದ ರಾಯರು ಉಬ್ಬಿಹೋದರು. ಆ ಉಬ್ಬಿನಲ್ಲೇ 'ಎಲ್ಲ ಶಾಯಿಗಳು' ಎಂಬುದನ್ನು ಒತ್ತಿದರು.

ಟಿವಿಯ ತುಂಬ ಬಣ್ಣದ ಜಾತ್ರೆ. "ನೋಡಿ, ಈ ಹಸಿರು ಒಣಗಿದ ಮೇಲೆ ಹೇಗೆ ಕಂದು ಬಣ್ಣಕ್ಕೆ ತಿರುಗುತ್ತೆ!" ಎಂದು ರಾಯರು ಕೋಲು ಹಿಡಿದು ಹೊರಟರು. ಹೆಂಡತಿ ಅವರ ಕಾಲು ತುಳಿದಳು. ಮೆಚ್ಚುಗೆ ಎಂದುಕೊಂಡರು. ಇನ್ನೊಮ್ಮೆ ತುಳಿದಳು. ಬಹಳ ಮೆಚ್ಚುಗೆ ಎಂದುಕೊಂಡರು.

"ನನ್ನ ಕನ್ನಡಕ ಒಳಗಿದೆ. ಏನು ಬರೆದಿದ್ದಾನಮ್ಮ?" ಎಂದು ಅಕ್ಕ ಕೇಳಿದರು.

"ಬಣ್ಣ... ಬಣ್ಣ ಚೆನ್ನಾಗಿದೆ ಅತ್ತಿಗೆ."

ಟೈಲರು ಸಹಾಯಕ್ಕೆ ಬಂದ. "ಎಲ್ಲದ್ರಲ್ಲೂ ಒಂದೇ ಬರೆದಿದ್ದಾರೆ, ನಾನು ಓದ್ತೀನಿ ಇರಿ. 'ಅಕ್ಕ ಯಾವಾಗ ಹೊರಡ್ತಾಳೋ.' ನೀಲಿಯಲ್ಲೂ ಅಕ್ಕ ಯಾವಾಗ ಹೊರಡ್... ಸಾರ್, ಅಂಗಡೀಲಿ ಇಸ್ತ್ರಿಪೆಟ್ಟಿಗೆ ಆನ್ ಮಾಡಿ ಬಂದೆ ಅನ್ಸುತ್ತೆ." ಭಾನುವಾರ ಅಂಗಡಿಗೆ ಬೀಗ. ಆದರೂ ಓಡಿದ.

ರಾಯರು ತಿರುಗಿ ಟಿವಿ ನೋಡಿದರು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಓದಿದರು. ಕೆಂಪು ಕೇಳುತ್ತಿತ್ತು, ನೇರಳೆ ಕೇಳುತ್ತಿತ್ತು, ಗುಲಾಬಿ ನಗುನಗುತ್ತಾ ಕೇಳುತ್ತಿತ್ತು: ಅಕ್ಕ ಯಾವಾಗ ಹೊರಡ್ತಾಳೋ. ಕೈಯಲ್ಲಿದ್ದ ಕೋಲು ಜಾರಿತು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಂಡರು.

ಅಕ್ಕ ಎದ್ದು ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು ಬಂದು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಬೈಯಲಿಲ್ಲ. ಬೈದಿದ್ದರೆ ರಾಯರು ಬದುಕಿಕೊಳ್ಳುತ್ತಿದ್ದರು. "ನಾಳೆ ಬೆಳಿಗ್ಗೆ ಹೊರಡ್ತೀನಿ," ಎಂದು ಒಳಗೆ ಹೋಗಿ ಬ್ಯಾಗು ತೆಗೆದರು.

"ಟೈಲ್ಸಿನವನು ಮೊನ್ನೆ ತಾನೇ ಬಂದಿದ್ದಾನೆ, ಆ ಮನೇಲಿ ಇನ್ನೂ ಸಿಮೆಂಟೇ ಒಣಗಿಲ್ಲ, ಎಲ್ಲಿ ಮಲಗ್ತಾರೆ ಅವರು?" ಹೆಂಡತಿ ಪಿಸುಗುಟ್ಟಿದಳು. "ಹೋಗ್ರೀ, ಏನಾದ್ರೂ ಹೇಳಿ."

ರಾಯರು ಲ್ಯಾಪ್‌ಟಾಪಿನ ಮುಂದೆ ಕೂತು ಎಲ್ಲ ಫೋಟೋಗಳನ್ನೂ ಆರಿಸಿ 'ಅಳಿಸು' ಒತ್ತಿದರು. 'ಖಚಿತವೇ?' ಎಂದಿತು ಸಾಫ್ಟ್‌ವೇರ್. ಬೆರಳು ಒಂದು ಗಳಿಗೆ ನಿಂತಿತು. ಸಿಂಹಾಸನ ಬಿಟ್ಟು ಕಾಡಿಗೆ ಹೋದ ದೊರೆಗಳಿಗೂ ಇಷ್ಟು ಸಂಕಟವಾಗಿರಲಾರದು. ಒತ್ತಿದರು. ಕಾರ್ಡುಗಳನ್ನೂ ಹರಿದು ಬುಟ್ಟಿಗೆ ಹಾಕಿದರು.

ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು, "ಎಲ್ಲಾ ಅಳಿಸಿಬಿಟ್ಟೆ ಅಕ್ಕ," ಎಂದರು.

ಅಕ್ಕ ಸೀರೆ ಮಡಿಸುತ್ತಲೇ ಇದ್ದರು. "ಬಣ್ಣಗಳು ಏನು ತಪ್ಪು ಮಾಡಿದ್ವೋ? ಬರೆದೋನು ನೀನು."

"ಬೇಕೂಂತ ಬರೀಲಿಲ್ಲ."

"ಗೊತ್ತು. ಅದಕ್ಕೇ ಅದು ನಿಜ."

ರಾಯರ ತಲೆ ಇನ್ನೂ ತಗ್ಗಿತು. ನೆಲ ನೋಡುತ್ತಾ, "ಹೋಗಬೇಡ ಅಕ್ಕ," ಎಂದರು. ಧ್ವನಿ ಪೆನ್ನಿಗಾಗಿ ಹಟ ಮಾಡಿದ ಹುಡುಗನದೇ ಆಗಿತ್ತು.

ಅಕ್ಕ ಮಡಿಸಿದ ಸೀರೆಯನ್ನು ಬ್ಯಾಗಿಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡರು. "ಬಾಟಲಿ, ಕಾರ್ಡು ತಗೊಂಡು ಬಾ."

"ಯಾಕೆ?"

"ಇನ್ನೊಂದ್ಸಲ ಬರಿ. ಎಲ್ಲದ್ರಲ್ಲೂ."

ರಾಯರ ಮುಖ ಅರಳಿತು. "ಏನು ಬರೀಲಿ? 'ಅಕ್ಕ ಇಲ್ಲೇ ಇರಲಿ' ಅಂತ ಬರೀಲಾ?"

"ಸುಳ್ಳು ಯಾಕೆ ಬರೀತೀಯ? ಅದನ್ನೇ ಬರಿ. ಕೊನೇಲಿ ಪ್ರಶ್ನೆ ಚಿಹ್ನೆ ಹಾಕು. ಉತ್ತರ ಹೇಳ್ತೀನಿ: ನೆಲ ಒಣಗಿದ ಮೇಲೆ."

ಹೀಗೆ ಮಸಿರಾಯರು ಅಕ್ಕನ ಮಂಚದ ಪಕ್ಕ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ದಾರ ಸುತ್ತಿದ ಪೆನ್ನನ್ನೇ ಅದ್ದಿ ಅದ್ದಿ, ಅದೇ ವಾಕ್ಯವನ್ನು ಮತ್ತೆ ಬರೆದರು. ಈ ಸಲ ಪ್ರತಿ ಅಕ್ಷರವನ್ನೂ ಓದುತ್ತಾ ಬರೆಯಬೇಕಾಯಿತು. ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿ, "ಆ 'ಕ್ಕ' ಒತ್ತು ಇನ್ನೂ ಸೊಟ್ಟ. ಆಗ್ಲೂ ಹೇಳಿ ಹೇಳಿ ಸಾಕಾಗಿತ್ತು. ತಿದ್ದು," ಎನ್ನುತ್ತಿದ್ದರು.

ಬಾಗಿಲಲ್ಲಿ ನಿಂತ ಹೆಂಡತಿ ಗಂಡನ ಕಿವಿಗಳನ್ನೇ ನೋಡುತ್ತಿದ್ದಳು. ಅಂಥ ಕೆಂಪು ಆ ಸಂಗ್ರಹದ ಯಾವ ಬಾಟಲಿಯಲ್ಲೂ ಇರಲಿಲ್ಲ.