ಆಡುಕಲ್ಲಿಗೆ ಒಂದು ಹಗಲು

ಶಿರಾಲಿಯಿಂದ ಮೊದಲ ಬಸ್ಸಿನಲ್ಲಿ ಹೊರಟು ಹೊನ್ನಾವರದಲ್ಲಿ ದೋಣಿ ನಿಲ್ಲುವ ಧಕ್ಕೆ ತಲುಪಿದಾಗ ಏಳು ಗಂಟೆಯಾಗಿತ್ತು. ಶರಾವತಿಯ ಅಳಿವೆಯ ಮೇಲೆ ಹೊಗೆಯಂಥ ಮಬ್ಬು. ದ್ವೀಪ ತೋರಿಸಲು ಕರೆದೊಯ್ಯುವ ಯಾಚ್ ಎಂದರೆ ಬಿಳಿಯ ಹಾಯಿಯ ದೋಣಿ ಎಂದುಕೊಂಡಿದ್ದೆ. ಇದರ ಹಾಯಿ ಹರಿದು ಎರಡು ವರ್ಷವಾಗಿತ್ತಂತೆ. ಉಳಿದಿದ್ದದ್ದು ಬರಿಯ ಕಂಬ, ಓಡುತ್ತಿದ್ದದ್ದು ಡೀಸೆಲ್ ಎಂಜಿನ್ನಿನಿಂದ. ಹಗಲಿಡೀ ಮೂರು ದ್ವೀಪ, ಮಧ್ಯಾಹ್ನದ ಊಟ, ತಲೆಗೆ ನಾಲ್ಕು ಸಾವಿರ. ನನ್ನ ಟಿಪ್ಪಣಿಯಲ್ಲಿ ‘ತೆಂಕಣ ಗಾಳಿ, ಹಾಯಿ ಉಬ್ಬಿತು’ ಎಂಬ ಸಾಲಿದೆ. ಬಹುಶಃ ಅದನ್ನು ಹಿಂದಿನ ದಿನ ಮನೆಯಲ್ಲೇ ಬರೆದಿಟ್ಟಿದ್ದೆ.

ಪ್ರಯಾಣಿಕರು ಇಬ್ಬರೇ: ನಾನು, ಮತ್ತು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪಾಟೀಲರು. ನಡೆಸುವವನು ಕುಮಟಾ ಕಡೆಯ ಈಶ್ವರ. ಅಡುಗೆಯವನು ಬಂದಿರಲಿಲ್ಲವಾದ್ದರಿಂದ ಮಾಲೀಕರು ಈಶ್ವರನ ಅತ್ತಿಗೆ ಸುಶೀಲಾಳನ್ನು ಕಳಿಸಿದ್ದರು. ಅವನಿಗೆ ಅದು ಸರಿಬಂದಿರಲಿಲ್ಲ.

“ನಿಂಗೆ ಸಮುದ್ರ ಆಗೂದಿಲ್ಲ ಅತ್ತಿಗೆ. ವಾಂತಿ ಮಾಡ್ತಿ.”

“ನೀ ದೋಣಿ ನಡ್ಸು. ವಾಂತಿ ನಂದು.”

ಬಸವರಾಜದುರ್ಗಕ್ಕೆ ಮುಕ್ಕಾಲು ಗಂಟೆ. ಕೋಟೆಯ ಗೋಡೆ, ಮುಳ್ಳುಪೊದೆ, ಯಾರೋ ಬಿಟ್ಟುಹೋದ ಪ್ಲಾಸ್ಟಿಕ್ ತಟ್ಟೆಗಳು. ಪಾಟೀಲರು ಫೋಟೋ ತೆಗೆದರು. ನಾನು ಒಲೆಯ ಪಕ್ಕ ಕೂತೆ. ಬಂಗುಡೆ ಕೊಯ್ಯುತ್ತ ಸುಶೀಲಾ ತಾನು ಬಂದದ್ದು ಅಡುಗೆಗಲ್ಲ ಎಂದಳು.

ಮೂರು ವರ್ಷದ ಹಿಂದೆ ಮೀನಿಗೆ ಹೋದ ಗಂಡ ಗಣಪತಿ ತಿರುಗಿ ಬಂದಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಅವರ ಕೇರಿಯಲ್ಲಿ ಹೀಗಾದರೆ ಮನೆಯ ಆಡೊಂದನ್ನು ಆಡುಕಲ್ಲು ಎಂಬ ದ್ವೀಪದಲ್ಲಿ ಬಿಟ್ಟು ಬರುತ್ತಾರೆ. ಮಳೆಗಾಲ ಕಳೆದ ಮೇಲೂ ಆಡು ಬದುಕಿದ್ದರೆ ಹೋದವನು ಎಲ್ಲೋ ಇದ್ದಾನೆ. ಆಡು ಸತ್ತಿದ್ದರೆ ಅವನ ಉತ್ತರಕ್ರಿಯೆ ಮಾಡಿ ಮುಗಿಸಬೇಕು. ಬಿಡುವವನು ಕೊರಳ ಹಗ್ಗ ಕೊಯ್ದೇ ಬಿಡಬೇಕು. ಆಡು ಬಿಟ್ಟವನು ಈಶ್ವರ. ಮಳೆಗಾಲದ ನಂತರ ನೋಡಿಬಂದವನೂ ಅವನೇ, ಕಾಣಲಿಲ್ಲ ಎಂದಿದ್ದ. ಬರುವ ಅಮಾವಾಸ್ಯೆಗೆ ಕ್ರಿಯೆ ಎಂದು ಮನೆಯವರು ನಿಶ್ಚಯಿಸಿದ್ದರು.

“ಕಾಣಲಿಲ್ಲ ಅಂದ್ರೆ ಎಂತ?” ಎಂದಳು. “ಸತ್ತದ್ದು ಕಾಣಲಿಲ್ವಾ, ಬದುಕಿದ್ದು ಕಾಣಲಿಲ್ವಾ? ನಾನೇ ನೋಡ್ಬೇಕು.”

ನೇತ್ರಾಣಿಯ ಹತ್ತಿರ ಬಂದಾಗ ಹನ್ನೊಂದೂವರೆ. ನೀರು ತಳದ ತನಕ ತಿಳಿಯಾಗಿತ್ತು. “ಏನ್ ಮೀನ್ರೀ, ನಮ್ಮ ಅಂಗಡಿ ಸೀರಿ ಹಂಗ ಅದಾವ,” ಎಂದರು ಪಾಟೀಲರು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಉಂಡು ಕೈ ತೊಳೆಯುವಷ್ಟರಲ್ಲಿ ದೋಣಿ ದಡದ ಕಡೆ ತಿರುಗಿತ್ತು.

“ತೆರೆ ಏಳ್ತದೆ. ವಾಪಸ್ ಹೋಗೂದು ಒಳ್ಳೇದು,” ಎಂದ ಈಶ್ವರ.

ಪಾಟೀಲರು ಜೇಬಿನಿಂದ ಅಚ್ಚಾದ ಕಾಗದ ತೆಗೆದರು. “ಮೂರು ದ್ವೀಪ ಅಂತ ಬರದೈತಲ್ರೀ. ಎರಡ ಆದ್ವು.”

ಈಶ್ವರ ನನ್ನ ಮುಖ ನೋಡಿದ. ನನ್ನ ಲೋಟದ ನೀರು ಅಲುಗುತ್ತಿರಲಿಲ್ಲ. “ನೋಡಿಯೇ ಬಿಡೋಣ,” ಎಂದೆ. ಸುಶೀಲಾಳಿಗಾಗಿ ಹೇಳಿದೆನೋ, ಕೊಟ್ಟ ದುಡ್ಡಿಗಾಗಿ ಹೇಳಿದೆನೋ, ಈಗ ಖಚಿತವಿಲ್ಲ.

ಆಡುಕಲ್ಲು ಹಕ್ಕಿ ಹಿಕ್ಕೆಯಿಂದ ಬೆಳ್ಳಗಾದ ಒಂದು ಕಪ್ಪು ಬಂಡೆ. ನೆತ್ತಿಯಲ್ಲಿ ಹುಲ್ಲು, ನಾಲ್ಕು ಪೊದೆ. ಈಶ್ವರ ಕಲ್ಲಿನಿಂದ ದೂರದಲ್ಲೇ ಎಂಜಿನ್ ನಿಲ್ಲಿಸಿದ. ಪಾಟೀಲರ ದುರ್ಬೀನು ಇಸಿದುಕೊಂಡು ಸುಶೀಲಾ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. “ಪೊದೆ ಕೆಳಗೆ, ಎರಡು ಕಲ್ಲಿನ ನಡುವೆ.”

ನೀಲಿ ನೈಲಾನ್ ಹಗ್ಗ. ತುದಿ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಆ ತುದಿಗೆ ಏನೋ ಕೆಂಪು ಸುತ್ತಿತ್ತು. ಹಗ್ಗದ ಇನ್ನೊಂದು ಕಡೆ ಬಿಳಿಯ ಕಡ್ಡಿಗಳಂಥವು. ನಡುವೆ ಇದ್ದದ್ದು ಕೊಂಬು ಎಂದು ಆಗ ಅನ್ನಿಸಿತ್ತು.

“ಆ ಕೆಂಪು ದಾರ ಸುತ್ತಿದ್ದು ನಾನು, ತುದಿಯ ಎಳೆ ಬಿಚ್ಚಿಹೋಗದ ಹಾಗೆ,” ಎಂದಳು. ಮೈದುನನ ಕಡೆ ತಿರುಗಿದಳು. “ಹಗ್ಗ ಕೊಯ್ದೆ ಅಂದಿದ್ದೆ ನೀನು.”

“ತೆರೆ ಇತ್ತು ಅತ್ತಿಗೆ. ದೋಣಿ ಕಲ್ಲಿಗೆ ಬಡೀತಿತ್ತು. ಎತ್ತಿ ಮೇಲೆ ಬಿಸಾಕ್ದೆ.”

“ಹಗ್ಗದ ಸಂತಿಗೇ? ಕೊಯ್ಯದೇ?”

“ಹಗ್ಗದ ಸಂತಿಗೇ.”

“ಮತ್ತೆ ನೋಡೂಕೆ ಬಂದಾಗ ಕಾಣಲಿಲ್ವಾ ಇದು?”

“ನಾ ಬರಲೇ ಇಲ್ಲ. ಬಿಟ್ಟು ಹೋಗುವಾಗ ಆಡು ಕೂಗ್ತಾ ಇತ್ತು.”

ಈಶ್ವರ ಅತ್ತ ಎಂದು ಬರೆದರೆ ಒಪ್ಪುತ್ತದೆ. ಅತ್ತದ್ದನ್ನು ನಾನು ನೋಡಲಿಲ್ಲ. ಅವನು ಡೀಸೆಲ್ ಡಬ್ಬದ ಮುಚ್ಚಳವನ್ನು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚುತ್ತಿದ್ದ.

“ಇನ್ನೊಂದು ಆಡು ಬಿಟ್ರ ಆತ್ರೀ, ಅಕ್ಕಾರ,” ಎಂದರು ಪಾಟೀಲರು ಮೆಲ್ಲಗೆ.

“ಅದು ಒಂದೇ ಸಲ ಕೇಳೂದು,” ಎಂದಳು ಸುಶೀಲಾ. “ಕಟ್ಟಿ ಕೊಂದ ಆಡು ಎಂತ ಹೇಳ್ತದೆ? ಅವ್ರು ಇದ್ದಾರೆ ಅಂತಲೂ ಹೇಳೂದಿಲ್ಲ, ಇಲ್ಲ ಅಂತಲೂ ಹೇಳೂದಿಲ್ಲ.”

ಅಲ್ಲಿಂದ ಧಕ್ಕೆಯ ತನಕ ಮೂರು ಗಂಟೆ. ಅವಳು ವಾಂತಿ ಮಾಡಲಿಲ್ಲ. ಪಾಟೀಲರು ಎರಡು ಸಲ ಮಾಡಿಕೊಂಡರು.

ಇಳಿಯುವಾಗ ಅವಳು ಮೈದುನನಿಗೆ ಹೇಳಿದಳು: “ಅಮಾವಾಸ್ಯೆಗೆ ಕ್ರಿಯೆ ಇಲ್ಲ. ಮನೇಲಿ ನೀನೇ ಹೇಳು. ಯಾಕೆ ಅಂತಲೂ ನೀನೇ ಹೇಳು.”

“ಆತು,” ಎಂದ.

ಬಸ್ಸಿಗೆ ಹೊರಟವನು ಒಮ್ಮೆ ತಿರುಗಿ ನೋಡಿದೆ. ಈಶ್ವರ ದೋಣಿಯ ಹಗ್ಗವನ್ನು ಧಕ್ಕೆಯ ಗೂಟಕ್ಕೆ ಕಟ್ಟುತ್ತಿದ್ದ. ಸುಶೀಲಾ ಖಾಲಿ ಪಾತ್ರೆ ಹಿಡಿದು ಅವನ ಕೈಯನ್ನೇ ನೋಡುತ್ತ ನಿಂತಿದ್ದಳು. ಅವನು ಕಟ್ಟಿ ಮುಗಿಸಿ ಹೋದ ಮೇಲೆ ಪಾತ್ರೆ ಕೆಳಗಿಟ್ಟು, ಗಂಟನ್ನು ತಾನೇ ಒಮ್ಮೆ ಎಳೆದು ನೋಡಿದಳು.