ಪಿನ್‌ಬಾಲ್ ಯಂತ್ರಕ್ಕೊಂದು ರಿಜಿಸ್ಟರು

ತೊಂಬತ್ತರ ದಶಕದ ಕೊನೆಯಲ್ಲಿ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಅಡ್ಮಿನ್ ಆಫೀಸರ್ ಆಗಿದ್ದೆ. ನಲ್ಲಿ ಸೋರಿದರೆ, ಬಸ್ಸು ತಡವಾದರೆ, ಸಾಂಬಾರಿಗೆ ಉಪ್ಪು ಹೆಚ್ಚಾದರೆ ಬೈಸಿಕೊಳ್ಳುವ ಹುದ್ದೆ. ಯಾರೂ ಬೈಯದ ದಿನ, ನಾಳೆ ಯಾವುದಕ್ಕೆ ಬೈಯಬಹುದು ಎಂದು ನಾನೇ ಕೂತು ಯೋಚಿಸುತ್ತಿದ್ದೆ.

ಅಂಥವನ ತಲೆಗೆ ವಿದೇಶದ ಹೆಡ್ಡಾಫೀಸು ಒಂದು ಪಿನ್‌ಬಾಲ್ ಯಂತ್ರ ಕಟ್ಟಿತು. ಗಾಜಿನ ಕೆಳಗೆ ಇಳಿಜಾರು ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು. ಅದು ಕೆಳಗೆ ಬೀಳದಂತೆ ಪಕ್ಕದ ಬಟನ್ ಒತ್ತಿ ಒತ್ತಿ ಮೇಲಕ್ಕೆ ಒದೆಯುತ್ತಿರಬೇಕು. ಕೆಲಸದ ನಡುವೆ ಮನಸ್ಸು ಹಗುರಾಗಲಿ ಎಂದು ಅವರ ಆಸೆ. ಕ್ಯಾಂಟೀನಿನ ಮೂಲೆಯಲ್ಲಿ ಇಡಿಸಿದೆ. ಅಂದಿನಿಂದಲೇ ನನಗೆ ಕಸಿವಿಸಿ. ಯಾರು ಎಷ್ಟು ಹೊತ್ತು ಆಡಿದರು ಎಂದು ಯಾರಾದರೂ ಕೇಳಿಬಿಟ್ಟರೆ? ಯಾರೂ ಕೇಳಿರಲಿಲ್ಲ. ಆದರೂ ಒಂದು ರಿಜಿಸ್ಟರಿಗೆ ಗೆರೆ ಎಳೆದು, ದಾರದಲ್ಲಿ ಪೆನ್ನು ಕಟ್ಟಿ, ಯಂತ್ರದ ಪಕ್ಕ ಇಟ್ಟೆ. ಹೆಸರು, ಶುರುವಾದ ಸಮಯ, ಮುಗಿದ ಸಮಯ, ಸಹಿ.

"ಏನ್ ಸಾರ್, ಒಂದ್ ಬಾಲ್ ಆಡೋಕೂ ಸಹೀನಾ? ಟಾಯ್ಲೆಟ್ಟಿಗೂ ಒಂದು ಇಟ್ಬಿಡಿ!" ಎಂದ ಒಬ್ಬ ಪ್ರೋಗ್ರಾಮರ್.

"ಐಡಿಯಾ ಕೊಡ್ಬೇಡ ಮಗಾ, ಇಟ್ಟೇಬಿಡ್ತಾರೆ," ಎಂದ ಅವನ ಗೆಳೆಯ.

ಇಬ್ಬರೂ ಅರ್ಧ ಗಂಟೆ ಆಡಿ, ಬರೆಯದೆ ಹೋದರು. ಎಲ್ಲರದೂ ಇದೇ ಕಥೆ.

ಬರೆದವನು ಒಬ್ಬನೇ. ದಾವಣಗೆರೆ ಕಡೆಯವನು, ಟೆಸ್ಟಿಂಗ್ ವಿಭಾಗದಲ್ಲಿ ಇನ್ನೂ ಪ್ರೊಬೇಷನ್‌ನಲ್ಲಿದ್ದ ಇಂಜಿನಿಯರ್. ಕಾಡುಗೋಡಿಯಿಂದ ಬರುವ ಕಂಪನಿ ಬಸ್ಸು ಅವನನ್ನು ಎಂಟೂಕಾಲಿಗೇ ತಂದಿಳಿಸುತ್ತಿತ್ತು. ಕೆಲಸ ಶುರುವಾಗುವುದು ಒಂಬತ್ತಕ್ಕೆ. ಆ ನಡುವೆ ಆಡುತ್ತಿದ್ದ, ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ.

"ಚಲೋ ಮಾಡೀರಿ ಸರ್, ಎಲ್ಲಾ ಪದ್ಧತಿ ಪ್ರಕಾರ ಇರ್ಬೇಕ್ರಿ," ಎಂದಿದ್ದ. ನನ್ನ ರಿಜಿಸ್ಟರನ್ನು ಹೊಗಳಿದ ಏಕೈಕ ಮನುಷ್ಯ. ನಾನು ಎರಡು ದಿನ ಉಬ್ಬಿಕೊಂಡೇ ಓಡಾಡಿದೆ.

ಅವನ ಕೆಲಸ ಖಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊತ್ತಿಗೆ ಮ್ಯಾನೇಜರ್ ನನ್ನಿಂದ ಹಾಜರಿ ಪುಸ್ತಕ ತರಿಸಿದರು. ಇದನ್ನೂ ಕೇಳಿಯಾರು ಎಂಬ ಭಯಕ್ಕೆ ಆಟದ ರಿಜಿಸ್ಟರನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಅವರ ಕಣ್ಣು ಮೊದಲು ಅದರ ಮೇಲೇ ಬಿತ್ತು. ಹಾಳೆ ತಿರುವಿದರು.

"ಏನ್ರೀ ಇದು, ಪುಟ ಪುಟಾನೂ ಇವನದೇ ಹೆಸರು! ಕೆಲಸಕ್ಕೆ ಬರ್ತಾನೋ, ಆಡೋಕ್ ಬರ್ತಾನೋ?"

ಸಮಯದ ಕಾಲಮ್ಮಿನ ಮೇಲೆ ಬೆರಳಿಟ್ಟು ತೋರಿಸಿದ್ದರೆ ಸಾಕಿತ್ತು. 'ಎಲ್ಲರೂ ಆಡ್ತಾರೆ ಸಾರ್, ಇವನೊಬ್ಬನೇ ಬರೀತಾನೆ, ಅದೂ ಒಂಬತ್ತರೊಳಗೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೇ ಅವರು ಕೇಳಬಹುದಾದ ಪ್ರಶ್ನೆಯೂ ಹೊಳೆಯಿತು: ಹಾಗಾದ್ರೆ ಮಿಕ್ಕವರ ಹತ್ರ ಯಾಕ್ರೀ ಬರೆಸಿಲ್ಲ? ನೀವೇನ್ ಮಾಡ್ತಿದ್ರಿ?

ಹಾಜರಿ ಪುಸ್ತಕವನ್ನು ಅವರ ಮುಂದೆ ಸರಿಸಿದೆ.

"ನೀಟಾಗಿ ಮೇಂಟೇನ್ ಮಾಡಿದೀರ," ಎಂದು ಅವರು ರಿಜಿಸ್ಟರ್ ಮುಚ್ಚಿ ನನ್ನ ಕೈಗಿತ್ತರು.

"ಥ್ಯಾಂಕ್ಯೂ ಸಾರ್," ಎಂದೆ. ಆ ಎರಡು ಪದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವನನ್ನು ಖಾಯಂ ಮಾಡಲಿಲ್ಲ; ಆಟವೇ ಹೆಚ್ಚಾಯಿತು ಎಂದು ಅವನಿಗೆ ಕಾರಣ ಹೇಳಿದರಂತೆ. ಕೊನೆಯ ದಿನ, ಕಂಪನಿ ಬಿಡುವವರ ಫಾರ್ಮ್ ಹಿಡಿದು ನನ್ನ ಟೇಬಲ್ಲಿಗೆ ಬಂದ.

"ಸರ್, ಟೈಮು ಬರ್ದಿದ್ನಲ್ರಿ. ಅದನ್ನ ಅವ್ರು ನೋಡ್ಲಿಲ್ಲೇನ್ರಿ?"

"ನೋಡಿರ್ಬೇಕಪ್ಪ," ಎಂದೆ.

"ಇರ್ಲಿ ಬಿಡ್ರಿ. ನೀವಂತೂ ಹೇಳೇ ಇರ್ತೀರಿ," ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ಐಡಿ ಕಾರ್ಡು, ಡ್ರಾಯರಿನ ಕೀ ವಾಪಸು ಬಂದಿವೆ ಎಂಬ ಸಾಲಿನ ಮುಂದೆ ಸಹಿ ಹಾಕಿದೆ. ಸರಿಯಾಗಿ ಮೂಡಲಿಲ್ಲವೇನೋ ಎನ್ನಿಸಿ, ಅದರ ಮೇಲೇ ನಿಧಾನವಾಗಿ ಇನ್ನೊಮ್ಮೆ ಹಾಕಿದೆ. ಅವನು ತಾಳ್ಮೆಯಿಂದ ಕಾಯುತ್ತ ನಿಂತಿದ್ದ. ಮ್ಯಾನೇಜರ್ ಕೋಣೆ ಅಲ್ಲಿಂದ ಹತ್ತು ಹೆಜ್ಜೆ. ಬಾಗಿಲೂ ತೆರೆದೇ ಇತ್ತು.